ಹಳೇ ಗಾಜಿನ ಸ್ಲೈಡುಗಳ ರಿಪೇರಿ: ಗಾಥಿಕ್ ಚರ್ಚುಗಳ ಒಂದು ಪೆಟ್ಟಿಗೆ

ಮರದ ಪೆಟ್ಟಿಗೆ, ಒಳಗೆ 50 ಕಚ್ಚು, 47 ಗಾಜಿನ ಸ್ಲೈಡು. ಎತ್ತಿದರೆ ಎರಡು ಕೆ.ಜಿ.ಗೂ ಜಾಸ್ತಿ ತೂಕ. ಇಂಗ್ಲೆಂಡಿನ ನೆವಾರ್ಕ್‌ನಲ್ಲಿ ನಡೆಯುವ ಆ್ಯಂಟಿಕ್ ಸಂತೆಯಲ್ಲಿ 35 ಪೌಂಡಿಗೆ ಕೊಂಡೆ. ಮುಚ್ಚಳ ತೆಗೆದರೆ ಹಳೇ ಪುಸ್ತಕದ ವಾಸನೆ, ಜೊತೆಗೆ ಸ್ವಲ್ಪ ಬೂಷ್ಟಿನ ವಾಸನೆ. ಎಲ್ಲವೂ ಮ್ಯಾಜಿಕ್ ಲ್ಯಾಂಟರ್ನ್ ಸ್ಲೈಡುಗಳು. ಅಂದರೆ ದೀಪದ ಮುಂದೆ ಇಟ್ಟು ಗೋಡೆಯ ಮೇಲೆ ದೊಡ್ಡದಾಗಿ ತೋರಿಸುತ್ತಿದ್ದ ಫೋಟೊಗಳು.

ಈ ಕೆಲಸಕ್ಕೆ ಕೈ ಹಾಕುವವರು ಮೊದಲು ತಿಳಿದುಕೊಳ್ಳಬೇಕಾದ್ದು ಸ್ಲೈಡಿನ ಹೊಟ್ಟೆಯಲ್ಲಿ ಏನಿದೆ ಅಂತ. ಎರಡು ಗಾಜು ಇರುತ್ತವೆ. ಒಂದರ ಒಳಮುಖದಲ್ಲಿ ಜೆಲಟಿನ್ ಪದರ, ಅದರಲ್ಲಿ ಬೆಳ್ಳಿಯಿಂದ ಮೂಡಿದ ಚಿತ್ರ. ಅದರ ಮೇಲೆ ಕಿಟಕಿಯಂತೆ ಕತ್ತರಿಸಿದ ಕಪ್ಪು ಕಾಗದದ ಮಾಸ್ಕ್. ಅದರ ಮೇಲೆ ಇನ್ನೊಂದು ತೆಳು ಗಾಜು, ಚಿತ್ರವನ್ನು ಕಾಯಲಿಕ್ಕೆ. ಸುತ್ತಲೂ ನಾಲ್ಕು ಅಂಚಿಗೂ ಕಪ್ಪು ಕಾಗದದ ಪಟ್ಟಿ. ಬ್ರಿಟಿಷ್ ಅಳತೆ 3¼ ಇಂಚು ಚೌಕ, ಅಂದರೆ 82 ಮಿ.ಮೀ. ದಪ್ಪ ಒಟ್ಟು ಎರಡೂವರೆಯಿಂದ ಮೂರು ಮಿ.ಮೀ. ಅಮೆರಿಕದ್ದು 3¼ × 4 ಇಂಚು, ಫ್ರೆಂಚರದ್ದು 8.5 × 10 ಸೆಂ.ಮೀ. ಚಿತ್ರ ಇರುವುದು ಒಳಗೆ. ಹೊರಗೆ ಕಾಣುವ ಕೊಳೆಯಲ್ಲಿ ಮುಕ್ಕಾಲು ಪಾಲು ಚಿತ್ರಕ್ಕೆ ತಾಗಿರುವುದೇ ಇಲ್ಲ. ಹಾಗಾಗಿ ನನ್ನ ನಿಯಮ ಒಂದೇ: ಪಟ್ಟಿ ಗಟ್ಟಿಯಾಗಿದ್ದರೆ ಬಿಚ್ಚಬೇಡ.

ಹಂತ 1: ವಿಂಗಡಣೆ

ಕೈಗೆ ನೈಟ್ರೈಲ್ ಗ್ಲೌಸ್, ಮೂಗಿಗೆ ಮಾಸ್ಕ್. ಬೂಷ್ಟು ಸುಮ್ನೆ ಬಿಡುವಂಥದ್ದಲ್ಲ. ಮೇಜಿನ ಮೇಲೆ ಬಿಳಿ ಟವೆಲ್ ಹಾಸಿ, ಒಂದೊಂದನ್ನೇ ಅಂಚು ಹಿಡಿದು ಎತ್ತಿ ನೋಡಿದೆ.

ಕಟ್ಟಡಗಳ ಸ್ಲೈಡು 41, ಹೆಚ್ಚಿನವು ಗಾಥಿಕ್ ಚರ್ಚುಗಳು, ಅಂದರೆ ಮಧ್ಯಯುಗದ ಯುರೋಪಿನ ಚೂಪು ಕಮಾನಿನ ಶೈಲಿಯವು. ಉಳಿದ ಆರು ಪ್ರಾರ್ಥನೆಯ ಹಾಡಿನ ಸಾಲುಗಳು, ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರ. ಚರ್ಚಿನ ಸಭೆಗಳಲ್ಲಿ ಎಲ್ಲರೂ ನೋಡಿ ಹಾಡಲಿ ಅಂತ ಇವನ್ನು ತೋರಿಸುತ್ತಿದ್ದರು. ಸಂತೆಯಲ್ಲಿ ಇವಕ್ಕೆ ಬೆಲೆ ಇಲ್ಲ. ನನಗೆ ಮಾತ್ರ ಇವೇ ದೊಡ್ಡ ಲಾಭ. ಏನೇ ಪ್ರಯೋಗ ಮಾಡುವುದಿದ್ದರೂ ಮೊದಲು ಇವುಗಳ ಮೇಲೆ ಮಾಡಿದೆ. ಆಮೇಲೆ ಇವುಗಳ ಗಾಜೂ ಕೆಲಸಕ್ಕೆ ಬಂತು.

41ರಲ್ಲಿ 26ರ ಪಟ್ಟಿ ಗಟ್ಟಿಯಾಗಿತ್ತು. 11ರ ಪಟ್ಟಿ ಎದ್ದಿತ್ತು, ಇಲ್ಲವೇ ಅರ್ಧ ಉದುರಿತ್ತು. ಮೂರರ ಮೇಲಿನ ಗಾಜು ಬಿರುಕು ಬಿಟ್ಟಿತ್ತು. ಒಂದರಲ್ಲಿ ಚಿತ್ರ ಇರುವ ಗಾಜೇ ಎರಡು ತುಂಡು. ಅದು ಇಂಗ್ಲೆಂಡಿನ ಈಲಿ ಎಂಬ ಊರಿನ ಕೆಥೆಡ್ರಲ್‌ನ (ಬಿಷಪ್ ಇರುವ ದೊಡ್ಡ ಚರ್ಚಿನ) ಎಂಟು ಮೂಲೆಯ ಗೋಪುರವನ್ನು ಕೆಳಗೆ ನಿಂತು ಮೇಲಕ್ಕೆ ನೋಡಿ ತೆಗೆದದ್ದು. ಒಡೆಯೋದಕ್ಕೆ ಅದೇ ಬೇಕಿತ್ತಾ ಅನಿಸಿತು.

ಹಂತ 2: ಮುಟ್ಟುವ ಮುಂಚೆ ಫೋಟೊ

ಪ್ರತಿ ಸ್ಲೈಡಿನ ಎರಡೂ ಮುಖವನ್ನು ಕಿಟಕಿಯ ಬೆಳಕಲ್ಲಿ ಫೋನಿನಲ್ಲಿ ತೆಗೆದೆ. ಲೇಬಲ್, ಕೈಬರಹ, ನಂಬರ್, ಬಿಳಿ ಚುಕ್ಕೆ ಎಲ್ಲಾ ಬರಬೇಕು. ಚುಕ್ಕೆ ಮುಖ್ಯ. ಲ್ಯಾಂಟರ್ನಿನ ಮಸೂರ ಚಿತ್ರವನ್ನು ತಲೆಕೆಳಗು ಮಾಡುತ್ತದೆ. ಹಾಗಾಗಿ ಸ್ಲೈಡನ್ನು ತಲೆಕೆಳಗಾಗಿಯೇ ತೂರಿಸಬೇಕು. ಕತ್ತಲೆಯಲ್ಲಿ ನಿಂತ ಆಪರೇಟರಿಗೆ ಗೊತ್ತಾಗಲಿ ಅಂತ ಮುಂಭಾಗದಲ್ಲಿ ಬಿಳಿ ಕಾಗದದ ಚುಕ್ಕೆ ಅಂಟಿಸುತ್ತಿದ್ದರು. ನನ್ನ ಪೆಟ್ಟಿಗೆಯಲ್ಲಿ ಹೆಚ್ಚಿನವಕ್ಕೆ ಮೇಲಂಚಿನಲ್ಲಿ ಎರಡು ಚುಕ್ಕೆ. ಕೆಲವಕ್ಕೆ ಎಡಗಡೆ ಕೆಳಮೂಲೆಯಲ್ಲಿ ಒಂದೇ.

ಲೇಬಲ್‌ಗಳಲ್ಲಿ ನ್ಯೂಟನ್ ಅಂಡ್ ಕಂಪನಿ, 3, ಫ್ಲೀಟ್ ಸ್ಟ್ರೀಟ್ ಅಂತ ಇರುವವು ಒಂದಷ್ಟು. ಚಿತ್ರದ ಮೂಲೆಯಲ್ಲೇ 'ಜಿ.ಡಬ್ಲ್ಯು.ಡಬ್ಲ್ಯು.' ಅಂತ ಸಣ್ಣ ಅಕ್ಷರ ಇರುವವು ಕೆಲವು. ಅದು ಅಬರ್ಡೀನ್‌ನ ಜಾರ್ಜ್ ವಾಷಿಂಗ್ಟನ್ ವಿಲ್ಸನ್ ಸ್ಟುಡಿಯೋ ಗುರುತು. ಬಾಕಿಯವುಗಳಲ್ಲಿ ಬರೀ ಪೆನ್ಸಿಲ್ ಬರಹ.

ಹಂತ 3: ಹೊರಗಿನ ಗಾಜು

ಇದು ಸುಲಭದ ಕೆಲಸ, ಬೇಸರದ ಕೆಲಸ. ಬ್ಲೋವರ್‌ನಿಂದ ಧೂಳು ಊದಬೇಕು. ಆಮೇಲೆ ಡಿಸ್ಟಿಲ್ಡ್ ವಾಟರ್ ಅರ್ಧ, ಐಸೊಪ್ರೊಪೈಲ್ ಆಲ್ಕೋಹಾಲ್ ಅರ್ಧ ಬೆರೆಸಿ, ಹತ್ತಿ ಸುತ್ತಿದ ಕಡ್ಡಿಯನ್ನು ಅದರಲ್ಲಿ ಅದ್ದಿ, ಟಿಶ್ಯೂ ಮೇಲೆ ಒತ್ತಿ ಹಿಂಡಬೇಕು. ಕಡ್ಡಿ ಒದ್ದೆ ಇರಬಾರದು, ತೇವ ಅಷ್ಟೇ. ನಡುವಿನಿಂದ ಹೊರಗೆ ಒರೆಸುತ್ತಾ ಹೋಗಿ, ಅಂಚಿಗೆ ಅರ್ಧ ಸೆಂ.ಮೀ. ಇರುವಾಗಲೇ ನಿಲ್ಲಿಸಬೇಕು. ಪಟ್ಟಿ ಎಲ್ಲಿ ಎದ್ದಿದೆಯೋ ಅಲ್ಲಿ ನೀರು ಒಳಗೆ ಹೀರಿಕೊಳ್ಳುತ್ತದೆ. ಎರಡು ಗಾಜಿನ ಸಂದಿಗೆ ನೀರು ಹೋದರೆ ತಡೆಯೋಕಾಗಲ್ಲ.

ಗ್ಲಾಸ್ ಕ್ಲೀನರ್ ಸ್ಪ್ರೇ ಬೇಡವೇ ಬೇಡ. ಸ್ಪ್ರೇ ಎಲ್ಲಿ ಬೀಳುತ್ತೆ ಅನ್ನೋದು ನಮ್ಮ ಕೈಯಲ್ಲಿಲ್ಲ. ಅಮೋನಿಯ ಇರುವವಂತೂ ಬೆಳ್ಳಿಯ ಹತ್ತಿರ ಬರಲೇಬಾರದು.

26 ಗಟ್ಟಿ ಸ್ಲೈಡುಗಳ ರಿಪೇರಿ ಇಲ್ಲಿಗೇ ಮುಗಿಯಿತು.

ಹಂತ 4: ಹಳೇ ಪಟ್ಟಿ ಬಿಚ್ಚುವುದು

ಉಳಿದ ಹದಿನೈದನ್ನು ಬಿಚ್ಚಲೇಬೇಕಿತ್ತು. 15 ನಂಬರಿನ ಸರ್ಜಿಕಲ್ ಬ್ಲೇಡ್ ಸಾಕು. ಸ್ಲೈಡನ್ನು ನೆಟ್ಟಗೆ ನಿಲ್ಲಿಸಿ, ಎರಡು ಗಾಜು ಸೇರುವ ಗೆರೆಯ ಮೇಲೆ ಪಟ್ಟಿಯನ್ನು ಕೊಯ್ಯಬೇಕು. ಬ್ಲೇಡಿನ ಮೊನೆ ಒಂದು ಮಿ.ಮೀ.ಗಿಂತ ಆಳಕ್ಕೆ ಹೋಗಬಾರದು, ಹೋದರೆ ಜೆಲಟಿನ್ ಗೀರುತ್ತದೆ. ನಾಲ್ಕೂ ಕಡೆ ಕೊಯ್ದ ಮೇಲೆ ಎರಡು ಗಾಜು ತಾವಾಗಿ ಬೇರೆ ಆಗಬೇಕು. ಆಗದಿದ್ದರೆ ಜೆಲಟಿನ್ ಮೇಲಿನ ಗಾಜಿಗೆ ಅಂಟಿದೆ ಅಂತ ಅರ್ಥ. ಬಲ ಹಾಕಿ ಎತ್ತಿದರೆ ಚಿತ್ರವೇ ಕಿತ್ತು ಬರುತ್ತದೆ. ಹಾಗೆ ಅಂಟಿದ್ದು ಒಂದು ಸಿಕ್ಕಿತು. ಅದನ್ನು ಬಿಡಿಸಲಿಲ್ಲ. ಅಂಚಿಗೆ ಹೊಸ ಪಟ್ಟಿ ಕಟ್ಟಿ ಹಾಗೇ ಇಟ್ಟೆ.

ಲೇಬಲ್ ಮತ್ತು ಕೈಬರಹ ಇರುವ ಪಟ್ಟಿಯ ತುಂಡುಗಳನ್ನು ಎಸೆಯಬೇಡಿ. ಸಣ್ಣ ಕವರಿಗೆ ಹಾಕಿ ಅದೇ ಸ್ಲೈಡಿನ ನಂಬರ್ ಬರೆದಿಡಿ.

ನಾಲ್ಕು ಸ್ಲೈಡಿಗೆ ಹಿಂದಿನ ಯಾರೋ ಪುಣ್ಯಾತ್ಮರು ಸೆಲ್ಲೋ ಟೇಪ್ ಸುತ್ತಿದ್ದರು. ಟೇಪ್ ಒಣಗಿ ಉದುರಿದೆ, ಗೋಂದು ಮಾತ್ರ ಗಾಜಿನ ಮೇಲೆ ಕಂದು ಬಣ್ಣಕ್ಕೆ ತಿರುಗಿ ಕೂತಿದೆ. ಬ್ಲೇಡನ್ನು ಮಲಗಿಸಿ ಕೆರೆದು, ಉಳಿದದ್ದನ್ನು ಐಸೊಪ್ರೊಪೈಲ್‌ನಿಂದ ತೆಗೆದೆ. ಹೊರಮುಖದ್ದು ಮಾತ್ರ. ಒಳಮುಖಕ್ಕೆ ಹರಿದಿದ್ದ ಗೋಂದನ್ನು ಮುಟ್ಟಲಿಲ್ಲ.

ಹಂತ 5: ಒಳಗೆ ಏನು ಮಾಡಬೇಕು

ಹೆಚ್ಚೇನೂ ಇಲ್ಲ. ಯಾವ ಮುಖದಲ್ಲಿ ಚಿತ್ರ ಇದೆ ಅಂತ ನೋಡಲು ಗಾಜನ್ನು ದೀಪದ ಕೆಳಗೆ ವಾಲಿಸಿ. ಹೊಳೆಯುವುದು ಬರೀ ಗಾಜು, ಮಂಕಾಗಿರುವುದು ಜೆಲಟಿನ್. ಜೆಲಟಿನ್ ಮುಖಕ್ಕೆ ಬ್ಲೋವರ್ ಮತ್ತು ಮೆತ್ತನೆಯ ಬ್ರಷ್ ಬಿಟ್ಟು ಬೇರೇನೂ ತಾಗಿಸಬಾರದು. ನೀರಿಲ್ಲ, ಆಲ್ಕೋಹಾಲ್ ಇಲ್ಲ, ಬಾಯಿಂದ ಊದುವುದೂ ಇಲ್ಲ. ಕೈಯಿಂದ ಬಣ್ಣ ಹಾಕಿದ ಸ್ಲೈಡಾದರೆ ಇನ್ನೂ ಹುಷಾರು. ಆ ಬಣ್ಣ ಜೆಲಟಿನ್ ಮೇಲೇ ಇರುತ್ತದೆ, ತೇವ ತಾಗಿದರೆ ಹರಡಿಬಿಡುತ್ತದೆ.

ಕೆಲವು ಸ್ಲೈಡುಗಳ ಅಂಚಿನಲ್ಲಿ ನೀಲಿ ಛಾಯೆಯ ಕನ್ನಡಿ ಹೊಳಪು ಕಂಡಿತು. ಬೆಳ್ಳಿ ಮೇಲಕ್ಕೆ ಎದ್ದು ಬಂದದ್ದು ಅದು. ಒರೆಸಿದರೆ ಹೋಗುತ್ತೆ ಅನಿಸುತ್ತದೆ. ಹೋಗುವುದು ಚಿತ್ರದ ಬೆಳ್ಳಿಯೇ. ಅಲ್ಲದೆ ಹಿಂದಿನಿಂದ ಬೆಳಕು ಬಿಟ್ಟಾಗ ಅದು ಹೆಚ್ಚು ಕಾಣುವುದೂ ಇಲ್ಲ. ಬಿಟ್ಟೆ.

ಮೇಲಿನ ಗಾಜು ಬೇರೆ ಆದ ಮೇಲೆ ಅದನ್ನು ಮಾತ್ರ ಧಾರಾಳವಾಗಿ ತೊಳೆಯಬಹುದು. ಕೆಲವುಗಳ ಒಳಮುಖದಲ್ಲಿ ಬೆವರಿನ ಹನಿಯಂಥ ಸಣ್ಣ ಚುಕ್ಕೆಗಳಿದ್ದವು. ಗಾಜಿನೊಳಗಿನ ಕ್ಷಾರ ಹೊರಗೆ ಬಂದು ಹೀಗಾಗುತ್ತದೆ. ಮುಟ್ಟಿದರೆ ಸೋಪಿನ ಹಾಗೆ ಜಾರುತ್ತದೆ. ಅದು ಜೆಲಟಿನ್‌ಗೆ ಒಳ್ಳೆಯದಲ್ಲ. ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದ ಬೆಚ್ಚಗಿನ ನೀರಲ್ಲಿ ತೊಳೆದು, ಡಿಸ್ಟಿಲ್ಡ್ ವಾಟರ್‌ನಲ್ಲಿ ಜಾಲಿಸಿ, ಪಾತ್ರೆ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಒಂದು ಪೂರ್ತಿ ದಿನ ಒಣಗಿಸಿದೆ. ಒಣಗಿದ ಹಾಗೆ ಕಂಡರೂ ಅವಸರ ಬೇಡ.

ಹಂತ 6: ಒಡೆದ ಗಾಜು

ಮೂರು ಹೊಸ ಮೇಲುಗಾಜು ಬೇಕಾಗಿತ್ತು. ಫೋಟೊ ಫ್ರೇಮಿನ 2 ಮಿ.ಮೀ. ಗಾಜು ಕತ್ತರಿಸಿ ಹಾಕಿದೆ. ನೋಡಲು ಚೆನ್ನಾಗಿತ್ತು, ಪೆಟ್ಟಿಗೆಯ ಕಚ್ಚಿಗೆ ಮಾತ್ರ ಇಳಿಯಲಿಲ್ಲ. ಹಳೇ ಮೇಲುಗಾಜು ಒಂದು ಮಿ.ಮೀ.ಗಿಂತ ಸ್ವಲ್ಪವೇ ದಪ್ಪ. ಅದೂ ಸೇರಿ ಕಚ್ಚಿನ ಅಗಲ ಲೆಕ್ಕ ಹಾಕಿರುತ್ತಾರೆ. ಕೊನೆಗೆ ಹಾಡಿನ ಸ್ಲೈಡುಗಳ ಮೇಲುಗಾಜು ಬಿಚ್ಚಿ ತೊಳೆದು ಹಾಕಿದೆ. ಅದೇ ಕಾಲದ್ದು, ಅದೇ ದಪ್ಪ, ಅದೇ 82 ಮಿ.ಮೀ. ಅಂಗಡಿಯಲ್ಲಿ ಎಷ್ಟು ಹುಡುಕಿದರೂ ಇಷ್ಟು ಸರಿಯಾದದ್ದು ಸಿಗುತ್ತಿರಲಿಲ್ಲ.

ಈಲಿಯ ಸ್ಲೈಡಿಗೆ ಬೇರೆ ದಾರಿ. ಅಂಟು ಹಾಕಲಿಲ್ಲ. ಸೂಪರ್ ಗ್ಲೂ ಆವಿ ಚಿತ್ರದ ಮೇಲೆ ಬಿಳಿ ಪೊರೆ ಕೂರಿಸುತ್ತದೆ. ಎಪಾಕ್ಸಿ ಆದರೆ ಸಂದಿಯಿಂದ ಜೆಲಟಿನ್ ಮೇಲೆ ಹರಿಯುತ್ತದೆ. ಕೆಳಗೊಂದು ತೊಳೆದ ಗಾಜು ಇಟ್ಟು, ಅದರ ಮೇಲೆ ಎರಡು ತುಂಡನ್ನೂ ಜೋಡಿಸಿ, ಮೇಲೆ ಮಾಸ್ಕ್, ಅದರ ಮೇಲೆ ಮೂಲ ಮೇಲುಗಾಜು. ಮೂರು ಪದರ, ಅಂಚಿಗೆ ಪಟ್ಟಿ, ಅಷ್ಟೇ. ಮುಂದೆ ಯಾರಾದರೂ ಬಿಚ್ಚಬೇಕಾದರೂ ಸುಲಭ. ದಪ್ಪ ಜಾಸ್ತಿ ಆದ್ದರಿಂದ ಇದು ಪೆಟ್ಟಿಗೆಯ ಕಚ್ಚಿಗೆ ಇಳಿಯುವುದಿಲ್ಲ, ಬೇರೆ ಕವರಿನಲ್ಲಿದೆ.

ತುಂಡು ಜೋಡಿಸುವಾಗ ಸಹಾಯಕ್ಕೆ ಬಂದದ್ದು ಕಟ್ಟಡವೇ. ಈಲಿಯಲ್ಲಿ ಹಳೇ ನಡುಗೋಪುರ 1322ರಲ್ಲಿ ಕುಸಿದುಬಿತ್ತು. ಆ ಜಾಗಕ್ಕೆ ಎಂಟು ಕಂಬಗಳ ಮೇಲೆ ಎಂಟು ಮೂಲೆಯ ಗೋಪುರ ಎಬ್ಬಿಸಿದರು. ಅದರ ನೆತ್ತಿಯ ಭಾಗ ಪೂರಾ ಮರದ್ದು. ಕೆಲಸ ಮುಗಿಯುವಾಗ 1342. ಕೆಳಗಿನಿಂದ ನೋಡಿದರೆ ದೊಡ್ಡ ನಕ್ಷತ್ರ. ಬಿರುಕು ಆ ನಕ್ಷತ್ರದ ಎರಡು ಮೊನೆಗಳ ಮೇಲೆ ಹಾದುಹೋಗಿತ್ತು. ಭೂತಗನ್ನಡಿ ಹಿಡಿದು ಎರಡೂ ಕಡೆಯ ಮರದ ಪಕ್ಕೆಗಳ (ಚಾವಣಿ ಹೊರುವ ಉಬ್ಬು ಪಟ್ಟಿಗಳ) ಗೆರೆ ಒಂದಕ್ಕೊಂದು ಕೂಡುವವರೆಗೆ ತುಂಡನ್ನು ಕೂದಲೆಳೆಯಷ್ಟು ಸರಿಸುತ್ತಾ ಹೋದೆ. ಗೆರೆ ಕೂಡಿದಾಗ ಗಾಜಿನ ಸಂದಿಯೂ ಮುಚ್ಚಿತ್ತು.

ಹಂತ 7: ಹೊಸ ಪಟ್ಟಿ

ಎಲ್ಲಕ್ಕಿಂತ ಜಾಸ್ತಿ ಹೊತ್ತು ತಿಂದ ಹಂತ ಇದು.

ಮೊದಲು ಹಾಡಿನ ಸ್ಲೈಡಿಗೆ ಕಪ್ಪು ಇನ್ಸುಲೇಷನ್ ಟೇಪ್ ಸುತ್ತಿ ನೋಡಿದೆ. ಕೆಲವೇ ದಿನಕ್ಕೆ ಅಂಚು ಜಾರಿ, ಗೋಂದು ಹೊರಗೆ ಬಂದು, ಮುಟ್ಟಿದ ಬೆರಳಿಗೆಲ್ಲಾ ಅಂಟು. ಆ ಟೇಪಿನ ಪಿವಿಸಿ ಪ್ಲಾಸ್ಟಿಕ್ ಹೇಗೂ ಫೋಟೊ ಪಕ್ಕ ಇರಬಾರದ ವಸ್ತು.

ಆಮೇಲೆ ಹಳೇ ಪದ್ಧತಿಯಂತೆ ಒದ್ದೆ ಮಾಡಿ ಅಂಟಿಸುವ ಗೋಂದು ಕಾಗದದ ಪಟ್ಟಿ. ಆ ಕಾಲದಲ್ಲಿ ಎಲ್ಲರೂ ಮಾಡುತ್ತಿದ್ದದ್ದು ಇದನ್ನೇ. ಚೆನ್ನಾಗಿ ಕೂತಿತು. ಮರುದಿನ ನೋಡಿದರೆ ಒಂದು ಮೂಲೆಯಲ್ಲಿ ಸುಮಾರು 2 ಮಿ.ಮೀ. ಒಳಗೆ ನೀರು ನುಗ್ಗಿದೆ. ಅಷ್ಟು ಜಾಗದಲ್ಲಿ ಜೆಲಟಿನ್ ಮೆತ್ತಗಾಗಿ ಮೇಲಿನ ಗಾಜಿಗೆ ಅಂಟಿ, ಎಣ್ಣೆ ಕಲೆಯಂತೆ ಹೊಳೆಯುತ್ತಿತ್ತು. ಹಾಡಿನ ಸ್ಲೈಡಾದ್ದರಿಂದ ಬಚಾವ್. ಕೈ ಪಳಗಿದವರಿಗೆ ಇದು ಸರಿ ಇರಬಹುದು, ನಾನು ಮುಂದೆ ಹೋಗಲಿಲ್ಲ.

ಕೊನೆಗೆ ಉಳಿದದ್ದು ಫಿಲ್ಮೊಪ್ಲಾಸ್ಟ್ ಪಿ90. ಆಮ್ಲ ಇಲ್ಲದ ಕಾಗದದ ಟೇಪ್, ಒತ್ತಿದರೆ ಅಂಟುತ್ತದೆ, ನೀರು ಬೇಡ. ಗಾಜಿನ ನೆಗೆಟಿವ್ ಮತ್ತು ಸ್ಲೈಡುಗಳ ಅಂಚಿಗೆ ಸಂಗ್ರಹಾಲಯಗಳಲ್ಲೂ ಬಳಸುತ್ತಾರೆ. ಬಣ್ಣ ಬಿಳಿ. ಮೂಲದ ಕಪ್ಪು ನೋಟ ಹೋಗುತ್ತದೆ ನಿಜ. ನನಗೆ ಅದರಲ್ಲಿ ಬೇಸರ ಇಲ್ಲ. ಯಾವುದನ್ನು ಮುಟ್ಟಿದ್ದೇನೆ, ಯಾವುದನ್ನು ಮುಟ್ಟಿಲ್ಲ ಅಂತ ದೂರದಿಂದಲೇ ಗೊತ್ತಾಗುತ್ತದೆ.

ಲೆಕ್ಕ ಹೀಗೆ. ಸ್ಲೈಡಿನ ಸುತ್ತಳತೆ 4 × 82 = 328 ಮಿ.ಮೀ. ಒಂದಿಷ್ಟು ಬಿಟ್ಟು 335 ಮಿ.ಮೀ. ಉದ್ದ ಕತ್ತರಿಸಿದೆ. ಅಗಲಕ್ಕೆ ದಪ್ಪ 3 ಮಿ.ಮೀ., ಎರಡೂ ಮುಖಕ್ಕೆ ಮೂರೂವರೆ ಮಿ.ಮೀ.ನಂತೆ 7. ಒಟ್ಟು 10. ಟೇಪ್ 20 ಮಿ.ಮೀ. ಅಗಲ ಬರುತ್ತದೆ, ಸ್ಟೀಲ್ ಸ್ಕೇಲ್ ಇಟ್ಟು ಉದ್ದಕ್ಕೆ ಸರಿಯಾಗಿ ಅರ್ಧ ಸೀಳಿದರೆ ಆಯಿತು. ವ್ಯರ್ಥವೇ ಇಲ್ಲ.

ಟೇಪಿನ ಅಂಟು ಮೇಲೆ ಬರುವಂತೆ ಮೇಜಿನ ಮೇಲೆ ಹಾಸಿ, ಎರಡು ತುದಿಗೂ ಭಾರ ಇಡಿ. ಎರಡು ಗಾಜು ಮತ್ತು ಮಾಸ್ಕ್ ಜೋಡಿಸಿ, ಎರಡು ಮೆತ್ತನೆಯ ಕ್ಲಿಪ್ ಹಾಕಿ. ಕೆಳಗಿನ ಅಂಚನ್ನು ಟೇಪಿನ ನಡುಗೆರೆಯ ಮೇಲೆ ನಿಲ್ಲಿಸಿ ಒತ್ತಿ. ಆಮೇಲೆ ಸ್ಲೈಡನ್ನು ಮೂಲೆಯ ಮೇಲೆ ಉರುಳಿಸಿ ಮುಂದಿನ ಅಂಚು, ಮತ್ತೆ ಮುಂದಿನದು. ಕ್ಲಿಪ್ ಅಡ್ಡ ಬಂದಾಗ ತೆಗೆಯುತ್ತಾ ಹೋಗಿ. ಸುತ್ತು ಮುಗಿದ ಮೇಲೆ ಮೂಲೆಗಳಲ್ಲಿ ಟೇಪನ್ನು 45 ಡಿಗ್ರಿಗೆ ಕತ್ತರಿಸಿ ಎರಡೂ ಮುಖಕ್ಕೆ ಮಡಚಿ. ಸೀರೆಗೆ ಫಾಲ್ ಹಚ್ಚಿದ ಹಾಗೆ: ಶುರುವಿನಲ್ಲಿ ಅರ್ಧ ಮಿ.ಮೀ. ಓರೆಯಾದರೆ ಕೊನೆಗೆ ಬರುವಷ್ಟರಲ್ಲಿ ಒಂದು ಕಡೆ ಸಾಲದೇ ಹೋಗುತ್ತದೆ. ಮಡಚಿದ ಮೇಲೆ ಎಲುಬಿನ ಪಟ್ಟಿಯಿಂದ (ಪುಸ್ತಕ ಕಟ್ಟುವವರು ಕಾಗದ ಮಡಚಲು ಬಳಸುವ ಬೋನ್ ಫೋಲ್ಡರ್) ಉಜ್ಜಬೇಕು, ಬೆರಳಿಂದ ಅಲ್ಲ.

ಒಣ ಹವೆ ಇರುವ ದಿನ ಈ ಕೆಲಸ ಮಾಡಿ. ಇಂಗ್ಲೆಂಡಿನಲ್ಲಿ ಹೀಗೆ ಹೇಳುವುದು ಸುಲಭ, ಅಂಥ ದಿನ ಸಿಗುವುದು ಕಷ್ಟ. ನಾನು ಚಳಿಗಾಲದಲ್ಲಿ ಹೀಟರ್ ಹಾಕಿದ ಕೋಣೆಯಲ್ಲಿ ಕಟ್ಟಿದೆ. ತೇವ ಒಳಗೆ ಸೇರಿಸಿ ಕಟ್ಟಿದರೆ ಬೂಷ್ಟಿಗೆ ನಾವೇ ಮನೆ ಕಟ್ಟಿಕೊಟ್ಟ ಹಾಗಾಗುತ್ತದೆ.

ಹಂತ 8: ಡಿಜಿಟಲ್ ಪ್ರತಿ

ಮನೆಯಲ್ಲಿದ್ದ ಫಿಲ್ಮ್ ಸ್ಕ್ಯಾನರಿನ ಬೆಳಕಿನ ಕಿಂಡಿ 7 ಸೆಂ.ಮೀ. ಅಗಲವೂ ಇಲ್ಲ. ಚಿತ್ರದ ಎಡಬಲ ಕತ್ತರಿಸಿ ಹೋಗುತ್ತಿತ್ತು. ಎರಡು ಸಲ ಸ್ಕ್ಯಾನ್ ಮಾಡಿ ಹೊಲಿದೆ. ಆದರೂ ಚಿತ್ರ ಮಂಜು ಮಂಜು, ಯಾಕೆಂದರೆ ಜೆಲಟಿನ್ ಇರುವುದು ಸ್ಕ್ಯಾನರಿನ ಗಾಜಿಗಿಂತ ಒಂದು ಮಿ.ಮೀ.ಗೂ ಮೇಲೆ. ಫೋಕಸ್ ಅಲ್ಲಿಗೆ ಮುಟ್ಟುವುದಿಲ್ಲ. ಸ್ಕ್ಯಾನರ್ ಕಪಾಟಿಗೆ ಹೋಯಿತು.

ಕ್ಯಾಮೆರಾ ಹಾದಿಯೇ ಸರಿ. ನನ್ನದು 24 ಮೆಗಾಪಿಕ್ಸೆಲ್ ಫುಲ್ ಫ್ರೇಮ್, ಮ್ಯಾಕ್ರೊ ಲೆನ್ಸ್. ಫ್ರೇಮಿನ ಎತ್ತರದಲ್ಲಿ 88 ಮಿ.ಮೀ. ಹಿಡಿಸಿದರೆ 4000 ಪಿಕ್ಸೆಲ್‌ಗೆ ಮಿ.ಮೀ.ಗೆ ಸುಮಾರು 45 ಸಿಗುತ್ತದೆ. ಈ ಸ್ಲೈಡುಗಳಿಗೆ ಇಷ್ಟು ಸಾಕು. ಹಳೇ ಎನ್‌ಲಾರ್ಜರ್‌ನ (ನೆಗೆಟಿವ್‌ನಿಂದ ದೊಡ್ಡ ಫೋಟೊ ಮಾಡುವ ಯಂತ್ರದ) ಕಂಬ 20 ಪೌಂಡಿಗೆ ಸಿಕ್ಕಿತು, ತಲೆ ತೆಗೆದು ಅಲ್ಲಿ ಕ್ಯಾಮೆರಾ ಕೂರಿಸಿದೆ.

ಕೆಳಗೆ ಎಲ್‌ಇಡಿ ಲೈಟ್ ಪ್ಯಾಡ್. ಸ್ಲೈಡನ್ನು ನೇರ ಅದರ ಮೇಲೆ ಇಟ್ಟರೆ ಪ್ಯಾಡಿನ ಚುಕ್ಕೆಗಳೂ ಚಿತ್ರದಲ್ಲಿ ಮೂಡುತ್ತವೆ. ಆದ್ದರಿಂದ ಪ್ಯಾಡಿನಿಂದ 5 ಸೆಂ.ಮೀ. ಮೇಲೆ ಮರದ ತುಂಡುಗಳ ಮೇಲೆ ಹಾಲುಬಣ್ಣದ ಅಕ್ರಿಲಿಕ್ ಹಾಳೆ, ಅದರ ಮೇಲೆ ಸ್ಲೈಡು, ಸುತ್ತ ಕಪ್ಪು ರಟ್ಟು. ರಟ್ಟು ಇಲ್ಲದಿದ್ದರೆ ಅಂಚಿನಿಂದ ಬರುವ ಬೆಳಕು ಲೆನ್ಸಿಗೆ ಹೊಡೆದು ಕಪ್ಪೆಲ್ಲಾ ಬೂದಿ ಆಗುತ್ತದೆ. ಕೋಣೆಯ ದೀಪ ಆರಿಸಬೇಕು, ಪರದೆ ಎಳೆಯಬೇಕು.

ಮೊದಲ ಚಿತ್ರಗಳಲ್ಲಿ ಅಡ್ಡಡ್ಡ ಪಟ್ಟೆ ಬಂತು. ಪ್ಯಾಡಿನ ಬೆಳಕು ಕಣ್ಣಿಗೆ ಕಾಣದಷ್ಟು ವೇಗವಾಗಿ ಮಿನುಗುತ್ತಿತ್ತು, ನಾನು ಸೆಕೆಂಡಿನ 125ನೇ ಒಂದು ಭಾಗಕ್ಕೆ ಕ್ಲಿಕ್ಕಿಸುತ್ತಿದ್ದೆ. ಶಟರ್ ನಿಧಾನ ಮಾಡಿದ ಕೂಡಲೇ ಪಟ್ಟೆ ಮಾಯ. ಕೊನೆಗೆ ನಿಂತ ಸೆಟ್ಟಿಂಗ್: ಐಎಸ್ಓ 100, ಎಫ್/8. ಪ್ರತಿ ಸ್ಲೈಡಿಗೆ ಮೂರು ಕ್ಲಿಕ್: 1/8 ಸೆಕೆಂಡ್, 1/2 ಸೆಕೆಂಡ್, 2 ಸೆಕೆಂಡ್. ಈ ಸ್ಲೈಡುಗಳನ್ನು ಮಾಡಿದ್ದು ಸುಣ್ಣದ ತುಂಡನ್ನು ಉರಿಯಲ್ಲಿ ಕಾಯಿಸಿ ಹೊತ್ತಿಸುತ್ತಿದ್ದ ಲೈಮ್‌ಲೈಟ್‌ನಂಥ ಪ್ರಖರ ದೀಪಕ್ಕೆ. ಅದಕ್ಕೇ ಕಪ್ಪು ತುಂಬಾ ಗಾಢ. ಚರ್ಚಿನ ಒಳಭಾಗವಾದರೆ ಕಿಟಕಿ ಉರಿಯುತ್ತಿರುತ್ತದೆ, ಚಾವಣಿ ಕತ್ತಲೆಯಲ್ಲಿರುತ್ತದೆ. ಒಂದೇ ಕ್ಲಿಕ್ಕಿನಲ್ಲಿ ಎರಡೂ ಬರುವುದಿಲ್ಲ.

ಈಗ ಮುಖ್ಯ ವಿಷಯ, ಸಮತಟ್ಟು. ಕ್ಯಾಮೆರಾ ಮತ್ತು ಸ್ಲೈಡು ಸಮಾನಾಂತರ ಇರಬೇಕು. ಸ್ಪಿರಿಟ್ ಲೆವೆಲ್ ನಂಬಬೇಡಿ. ಸ್ಲೈಡ್ ಇಡುವ ಜಾಗದಲ್ಲಿ ಚಿಕ್ಕ ಕನ್ನಡಿ ಇಟ್ಟು, ಲೆನ್ಸು ತನ್ನದೇ ಪ್ರತಿಬಿಂಬವನ್ನು ಫ್ರೇಮಿನ ನಟ್ಟನಡುವೆ ಕಾಣುವವರೆಗೆ ಕ್ಯಾಮೆರಾ ಸರಿಮಾಡಿ. ಎರಡು ನಿಮಿಷದ ಕೆಲಸ.

ಆಮೇಲೆ ಕಟ್ಟಡವನ್ನೇ ಪರೀಕ್ಷೆಗೆ ಇಟ್ಟುಕೊಂಡೆ. ಆ ಕಾಲದ ಫೋಟೊಗ್ರಾಫರುಗಳು ಲೆನ್ಸನ್ನು ಮೇಲಕ್ಕೆ ಜಾರಿಸಬಹುದಾದ ದೊಡ್ಡ ಕ್ಯಾಮೆರಾ ಬಳಸುತ್ತಿದ್ದರು. ಕ್ಯಾಮೆರಾ ವಾಲಿಸದೆಯೇ ಚಾವಣಿ ಹಿಡಿಯುತ್ತಿದ್ದರು. ಹಾಗಾಗಿ ಒಳ್ಳೆಯ ಸ್ಲೈಡಿನಲ್ಲಿ ಕಂಬಗಳು ನೆಟ್ಟಗೆ ನಿಂತಿರುತ್ತವೆ. ನಿಮ್ಮ ಪ್ರತಿಯಲ್ಲಿ ಅವು ಮೇಲೆ ಹೋಗುತ್ತಾ ಕೂಡಿಕೊಂಡರೆ ಯಾರ ತಪ್ಪು? ಸ್ಲೈಡನ್ನು 180 ಡಿಗ್ರಿ ತಿರುಗಿಸಿ ಮತ್ತೆ ತೆಗೆಯಿರಿ. ಕೂಡುವ ತುದಿ ಸ್ಲೈಡಿನ ಜೊತೆ ತಿರುಗಿದರೆ ಅದು ಹಳೇ ಫೋಟೊಗ್ರಾಫರನ ಓರೆ, ಬಿಟ್ಟುಬಿಡಿ. ಫ್ರೇಮಿನ ಅದೇ ಕಡೆಗೇ ಉಳಿದರೆ ಓರೆ ನಿಮ್ಮ ಸ್ಟ್ಯಾಂಡಿನದು.

ಈ ಪರೀಕ್ಷೆಗೆ ಎಲ್ಲ ಚರ್ಚೂ ಆಗದು. ಇಂಗ್ಲೆಂಡಿನ ಸಾಲ್ಸ್‌ಬರಿ ಕೆಥೆಡ್ರಲ್‌ನ ನಡುಗೋಪುರದ ಕೆಳಗಿನ ಕಂಬಗಳು ನಿಜವಾಗಲೂ ಬಾಗಿವೆ. 123 ಮೀಟರ್ ಎತ್ತರದ ಶಿಖರವನ್ನು ಹೊತ್ತು ಬಾಗಿವೆ, ಬರಿಗಣ್ಣಿಗೇ ಕಾಣುತ್ತದೆ. ನಾನು ಮೊದಲು ಹಾಕಿದ್ದು ಆ ಸ್ಲೈಡನ್ನೇ. ಕಂಬ ನೆಟ್ಟಗಾಗಲಿ ಅಂತ ಸ್ಟ್ಯಾಂಡಿನ ಸ್ಕ್ರೂಗಳನ್ನೆಲ್ಲಾ ತಿರುಗಿಸಿದೆ, ಆಮೇಲೆ ಕನ್ನಡಿ ಇಟ್ಟು ಮೊದಲಿಂದ ಸರಿಮಾಡಬೇಕಾಯಿತು. ಲಿಂಕನ್ ಊರಿನ ಕೆಥೆಡ್ರಲ್‌ನ ಸೇಂಟ್ ಹ್ಯೂ ಕ್ವಾಯರ್ (ಹಾಡುವವರು ಕೂರುವ ಭಾಗ) ಕೂಡ ಬೇಡ. 1192ರಲ್ಲಿ ಶುರುವಾದ ಆ ಭಾಗದ ಚಾವಣಿಯ ಪಕ್ಕೆಗಳು ನಡುವೆ ಕೂಡುವುದೇ ಇಲ್ಲ, ಒಂದಕ್ಕೊಂದು ತಪ್ಪಿಸಿಕೊಂಡು ಹೋಗುತ್ತವೆ. ಕಟ್ಟಿದವರು ಬೇಕೆಂದೇ ಹಾಗೆ ಮಾಡಿದ್ದು. ಅದೇ ಲಿಂಕನ್‌ನ ಉದ್ದನೆಯ ನಡುಸಾಲಿನ ಕಂಬಗಳು ಮಾತ್ರ ನನ್ನ ಸ್ಲೈಡಿನಲ್ಲಿ ಸ್ಕೇಲ್ ಇಟ್ಟು ಎಳೆದ ಹಾಗಿವೆ. ಈಗ ಪ್ರತಿ ಸಲ ಸ್ಟ್ಯಾಂಡ್ ಹೂಡಿದಾಗ ಮೊದಲ ಕ್ಲಿಕ್ ಅದಕ್ಕೇ.

ಫೈಲ್ 16 ಬಿಟ್ ಟಿಫ್. ಕಪ್ಪು-ಬಿಳುಪು ಅಂತ ಬಣ್ಣ ತೆಗೆಯಬೇಡಿ. ಕಂದು, ನೇರಳೆ ಛಾಯೆ ಆ ಪ್ಲೇಟಿನದೇ ಗುಣ.

ಹಂತ 9: ಯಾವುದು ಯಾವ ಚರ್ಚು

ಲೇಬಲ್ ಇದ್ದರೂ ನಂಬುವ ಮುಂಚೆ ಪರೀಕ್ಷೆ ಮಾಡಬೇಕು. ಫ್ರಾನ್ಸಿನ ಶಾರ್ತ್ರ್ ಕೆಥೆಡ್ರಲ್‌ನ ಸ್ಲೈಡು ಇದಕ್ಕೆ ಒಳ್ಳೇ ಉದಾಹರಣೆ. ಎದುರು ನಿಂತು ನೋಡಿದರೆ ಅಲ್ಲಿನ ಎರಡು ಗೋಪುರ ಒಂದೇ ತರ ಇಲ್ಲ. ಬಲಗಡೆಯದು 12ನೇ ಶತಮಾನದ ಸರಳ ಶಿಖರ, 105 ಮೀಟರ್. ಎಡಗಡೆಯದರ ಶಿಖರ 16ನೇ ಶತಮಾನದ ಆರಂಭದ್ದು, ತುಂಬಾ ಕುಸುರಿ, 113 ಮೀಟರ್. ನನ್ನ ಸ್ಲೈಡಿನಲ್ಲಿ ಬಿಳಿ ಚುಕ್ಕೆಯ ಪ್ರಕಾರ ಹಿಡಿದರೆ ಕುಸುರಿಯದು ಬಲಕ್ಕೆ ಬಂತು. ಅಂದರೆ ಹಿಂದೆ ಯಾರೋ ಬಿಚ್ಚಿ ಕಟ್ಟುವಾಗ ಚುಕ್ಕೆಯನ್ನು ಹಿಂಭಾಗಕ್ಕೆ ಅಂಟಿಸಿದ್ದಾರೆ. ಸೆಲ್ಲೋ ಟೇಪ್ ಸುತ್ತಿದ್ದ ನಾಲ್ಕರಲ್ಲಿ ಇದೂ ಒಂದು. ಚುಕ್ಕೆಯನ್ನು ಹಾಗೇ ಬಿಟ್ಟು ಕವರಿನ ಮೇಲೆ ಟಿಪ್ಪಣಿ ಬರೆದೆ, ಫೈಲ್ ಮಾತ್ರ ತಿರುಗಿಸಿದೆ.

ಇಂಗ್ಲೆಂಡಿನ ವೆಲ್ಸ್ ಊರಿನ ಕೆಥೆಡ್ರಲ್ ಗುರುತು ಹಿಡಿಯಲು ಲೇಬಲ್ಲೇ ಬೇಡ. ವಾಲುತ್ತಿದ್ದ ಗೋಪುರಕ್ಕೆ ಆಸರೆಯಾಗಿ 1338ರಿಂದ 1348ರ ನಡುವೆ ಕಟ್ಟಿದ ಕತ್ತರಿ ಕಮಾನುಗಳು, ನೆಟ್ಟಗಿನ ಕಮಾನಿನ ನೆತ್ತಿಯ ಮೇಲೆ ತಲೆಕೆಳಗಾದ ಕಮಾನು. ನೋಡಿದ ಕೂಡಲೇ ಗೊತ್ತಾಗುತ್ತದೆ.

ಫ್ರಾನ್ಸಿನ ರೀಮ್ಸ್ ಕೆಥೆಡ್ರಲ್‌ನದು ಫ್ರೆಂಚ್ ಅಳತೆಯ ಸ್ಲೈಡು, ಕಚ್ಚಿಗೆ ಕೂರದೆ ಪೆಟ್ಟಿಗೆಯ ಪಕ್ಕದಲ್ಲಿ ಓರೆಯಾಗಿ ತುರುಕಿದ್ದರು. ಅದರಲ್ಲಿ ಎಡಗಡೆಯ, ಅಂದರೆ ಉತ್ತರದ ಗೋಪುರಕ್ಕೆ ಮರದ ಅಟ್ಟಣೆ ಕಟ್ಟಿದೆ. 1914ರ ಸೆಪ್ಟೆಂಬರ್ 19ರಂದು ಜರ್ಮನ್ ಶೆಲ್ ಬಿದ್ದು ಆ ಅಟ್ಟಣೆಗೇ ಬೆಂಕಿ ಹತ್ತಿ ಚಾವಣಿಗೆ ಹಬ್ಬಿತು. ನಗುವ ದೇವದೂತನ ಶಿಲ್ಪದ ತಲೆ ಕಳಚಿ ಬಿದ್ದದ್ದೂ ಆಗಲೇ. ಸ್ಲೈಡಿನಲ್ಲಿ ಅಟ್ಟಣೆ ನಿಂತಿದೆ, ಚಾವಣಿ ಇದೆ. ಹಾಗಾಗಿ ಇದು ಬೆಂಕಿಗೆ ತುಸು ಮುಂಚಿನದು.

ಇಂಗ್ಲೆಂಡಿನ ಕೊವೆಂಟ್ರಿಯ ಸೇಂಟ್ ಮೈಕೆಲ್ ಕೆಥೆಡ್ರಲ್‌ನದೂ ಅಂಥದ್ದೇ. 1940ರ ನವೆಂಬರ್ 14ರ ರಾತ್ರಿಯ ಬಾಂಬ್ ದಾಳಿಯಲ್ಲಿ ಗೋಪುರ ಮತ್ತು ಹೊರಗೋಡೆ ಬಿಟ್ಟು ಉಳಿದದ್ದೆಲ್ಲಾ ಸುಟ್ಟುಹೋಯಿತು. ಈಗ ಅಲ್ಲಿಗೆ ಹೋದರೆ ಬಯಲಿನಲ್ಲಿ ನಿಂತ ಹಾಗೆ, ತಲೆ ಮೇಲೆ ಆಕಾಶ. ನನ್ನ ಸ್ಲೈಡಿನಲ್ಲಿ ಕಂಬಗಳ ಸಾಲು, ಮರದ ಚಾವಣಿ, ಸಾಲಾಗಿ ಇಟ್ಟ ಬೆಂಚುಗಳು. 2 ಸೆಕೆಂಡಿನ ಕ್ಲಿಕ್ಕಿನಲ್ಲಿ ಚಾವಣಿಯ ತೊಲೆಗಳು ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟ. ಇಡೀ ಪೆಟ್ಟಿಗೆಗೆ ಕೊಟ್ಟ ದುಡ್ಡು ಈ ಒಂದಕ್ಕೇ ಸರಿಹೋಯಿತು ಅಂತ ನನ್ನ ಲೆಕ್ಕ.

ಜರ್ಮನಿಯ ಕಲೋನ್ ಕೆಥೆಡ್ರಲ್‌ನ ಫೈಲನ್ನು ಮೈಸೂರಿಗೆ, ಅಮ್ಮನಿಗೆ ಕಳಿಸಿದೆ. "ಇದು ನಮ್ಮ ಫಿಲೋಮಿನಾ ಚರ್ಚ್ ಅಲ್ವೇನೋ, ಮುಂದೆ ಇಷ್ಟೊಂದು ಕುದುರೆಗಾಡಿ ಯಾಕೆ?" ಅಂದರು. ತಪ್ಪೇನಿಲ್ಲ. 1933ರಲ್ಲಿ ಅಡಿಗಲ್ಲು ಹಾಕಿದ ನಮ್ಮ ಸೇಂಟ್ ಫಿಲೋಮಿನಾಗೆ ಮಾದರಿಯಾದದ್ದು ಕಲೋನೇ. ಅಲ್ಲಿಯ ಜೋಡಿ ಶಿಖರ 157 ಮೀಟರ್, ನಮ್ಮದು 175 ಅಡಿ, ಅಂದರೆ ಸುಮಾರು 53 ಮೀಟರ್.

ಖರ್ಚು

ಪೆಟ್ಟಿಗೆ 35 ಪೌಂಡ್. ಫಿಲ್ಮೊಪ್ಲಾಸ್ಟ್ 50 ಮೀಟರ್ ಸುರುಳಿ 24. ಬ್ಲೇಡ್ ಮತ್ತು ಹಿಡಿ 7. ಡಿಸ್ಟಿಲ್ಡ್ ವಾಟರ್, ಐಸೊಪ್ರೊಪೈಲ್ ಸೇರಿ 11. ಗ್ಲೌಸ್ 6. ನಾಲ್ಕು ಕಡೆ ಮಡಚುವ ಆಮ್ಲರಹಿತ ಕಾಗದದ ಕವರ್ ನೂರಕ್ಕೆ 22. ಲೈಟ್ ಪ್ಯಾಡ್ 28. ಅಕ್ರಿಲಿಕ್ ಹಾಳೆ 5, ಕಪ್ಪು ರಟ್ಟು 4, ಎನ್‌ಲಾರ್ಜರ್ ಕಂಬ 20. ಒಟ್ಟು 162 ಪೌಂಡ್. ಕ್ಯಾಮೆರಾ ಮತ್ತು ಲೆನ್ಸ್ ಮೊದಲೇ ಇದ್ದವು. ರೂಪಾಯಿಗೆ ತಿರುಗಿಸಿ ಅಮ್ಮನಿಗೆ ಹೇಳಿಲ್ಲ.

ದುಡ್ಡು ಉಳಿಸಬೇಕಾದರೆ ಲೈಟ್ ಪ್ಯಾಡ್ ಅಗ್ಗದ್ದಾದರೂ ನಡೆಯುತ್ತದೆ, ಶಟರ್ ನಿಧಾನ ಇದ್ದರಾಯಿತು. ಟೇಪ್ ಮತ್ತು ಕವರ್‌ಗಳಲ್ಲಿ ಮಾತ್ರ ಉಳಿಸಬೇಡಿ.

ಇನ್ನೂ ಉಳಿದಿರುವುದು

ಕೈಯಿಂದ ಬಣ್ಣ ಹಾಕಿದ ಒಂದು ಸ್ಲೈಡು, ಯಾವುದೋ ಚರ್ಚಿನ ಬಣ್ಣಗಾಜಿನ ಕಿಟಕಿ. ಪಟ್ಟಿ ಗಟ್ಟಿ ಇರುವ 26ರಲ್ಲಿ ಇದೂ ಒಂದು. ಒಳಗೆ ಮಾತ್ರ ಜೆಲಟಿನ್ ಅಂಚಿನಿಂದ ಎದ್ದು ಸುರುಳಿ ಸುತ್ತಿಕೊಳ್ಳುತ್ತಿದೆ. ಬಿಚ್ಚಿದರೆ ನೀಲಿ, ಕೆಂಪು ಚೂರುಗಳು ಮೇಜಿನ ಮೇಲೆ ಬೀಳುತ್ತವೆ. ಫೋಟೊ ಸಂರಕ್ಷಣೆ ಮಾಡುವ ಒಬ್ಬರನ್ನು ಕೇಳಿದೆ, ಅವರು ಹೇಳಿದ ರೇಟು ಪೆಟ್ಟಿಗೆಯ ಬೆಲೆಯ ಮೂರು ಪಟ್ಟು. ಸದ್ಯಕ್ಕೆ ಕೊಳೆಯ ಸಮೇತವೇ ಪ್ರತಿ ತೆಗೆದಿಟ್ಟಿದ್ದೇನೆ. ಇದೊಂದನ್ನು ನಿಲ್ಲಿಸದೆ, ಚಿತ್ರದ ಮುಖ ಮೇಲಾಗಿ ಮಲಗಿಸಿದ್ದೇನೆ. ಉಳಿದವೆಲ್ಲಾ ಕವರಿನಲ್ಲಿ, ಅಂಚಿನ ಮೇಲೆ ನಿಂತಿವೆ. ಒಂದರ ಮೇಲೊಂದು ಪೇರಿಸಿದರೆ ಕೆಳಗಿನದು ಬಿರುಕು ಬಿಡುತ್ತದೆ.

ಮೂಲ ಪೆಟ್ಟಿಗೆಯ ಮರದಿಂದ ಆಮ್ಲದ ಆವಿ ಬರುವುದರಿಂದ ಸ್ಲೈಡುಗಳನ್ನು ಮತ್ತೆ ಅದರೊಳಗೆ ಹಾಕಿಲ್ಲ, ಆಮ್ಲರಹಿತ ರಟ್ಟಿನ ಡಬ್ಬಿಗೆ ಸೇರಿಸಿದ್ದೇನೆ. ಒಳಗೆ ಒಂದು ಚಿಕ್ಕ ತೇವಾಂಶ ಮೀಟರ್. 40 ಪರ್ಸೆಂಟ್ ದಾಟಿದರೆ ಸಿಲಿಕಾ ಜೆಲ್ ಬದಲಿಸುವುದು. ಹೆಸರಿಲ್ಲದ ನಾಲ್ಕು ಹಳ್ಳಿ ಚರ್ಚುಗಳು ಇನ್ನೂ ಪತ್ತೆಯಾಗಿಲ್ಲ. ಒಂದರ ಹಿನ್ನೆಲೆಯಲ್ಲಿ ಗಾಳಿಗಿರಣಿಯ ರೆಕ್ಕೆ ಕಾಣುತ್ತಿದೆ. ಲಿಂಕನ್‌ಶೈರಿನ ಹಳೇ ನಕ್ಷೆಗಳಲ್ಲಿ ಚರ್ಚು ಮತ್ತು ಗಿರಣಿ ಅಕ್ಕಪಕ್ಕ ಇರುವ ಊರುಗಳನ್ನು ಈಗ ಪಟ್ಟಿ ಮಾಡುತ್ತಿದ್ದೇನೆ.